ಕೇಪಳ ಹೂವಿನ ಫ್ಲಾಸ್ಕು

ಐರಿನ್, ರಾಯರು ಎಲ್ಲರನ್ನೂ ಕರೆದು ತೋರಿಸಿದ ಆ ಸಾರ ನಿನ್ನ ಕೇಪಳ ಹೂವಿನದ್ದಾಗಿರಲಿಲ್ಲ. ಅದು ನನ್ನ ಕೊಡಸಿಗೆ ತೊಗಟೆಯದ್ದು. ನಿನ್ನ ಫ್ಲಾಸ್ಕಿಗೆ ಅದನ್ನು ಸುರಿದವನು ನಾನೇ — ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ಎಪ್ಪತ್ತರ ದಶಕದ ಮಣಿಪಾಲ, ನಮ್ಮ ಆ ಪುಟ್ಟ ಔಷಧ ತಯಾರಿಕೆಯ ಪ್ರಯೋಗಾಲಯ — ಈಗ ಅದು ಇಲ್ಲ. ಆಮಶಂಕೆಗೆ ಒಂದು ಹೊಸ ಮದ್ದು ಮಾಡಬೇಕೆಂಬುದು ನಮ್ಮ ಹಿರಿಯರಾದ ರಾಯರ ಹಠ. ನನಗೆ ಸಿಕ್ಕಿದ್ದು ಕೊಡಸಿಗೆ ತೊಗಟೆ. ಆಮಶಂಕೆಗೆ ಅದು ಮದ್ದೆಂದು ಊರಿಗೆಲ್ಲ ಗೊತ್ತು, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ನೀನು ಕೇಳಿ ಪಡೆದದ್ದು ಗುಡ್ಡದ ಕೆಂಪು ಕೇಪಳ ಹೂ. ನಿನ್ನ ಅಮ್ಮ ಹೊಟ್ಟೆ ಕೆಟ್ಟ ಮಕ್ಕಳಿಗೆಲ್ಲ ಅದರ ಕಷಾಯ ಕೊಡುತ್ತಿದ್ದರು. ಅದರಲ್ಲಿ ನಿಜವಾಗಿ ಏನಿದೆಯೆಂದು ತಿಳಿಯುವ ಆಸೆ ನಿನಗೆ. ಬಜಗೋಳಿಯ ಗುಡ್ಡಗಳಲ್ಲಿ ನೀನೇ ಬಿಸಿಲಿಗೆ ತಿರುಗಿ ಆರಿಸಿ, ನೆರಳಿನಲ್ಲಿ ಒಣಗಿಸಿ, ಚೀಲ ತುಂಬ ತಂದಿದ್ದೆ.

ಸಾಕ್ಸ್‌ಲೆಟ್ ಯಂತ್ರವನ್ನು ಮೊದಲ ಸಲ ಕಂಡಾಗ ನೀನು ಹೇಳಿದ್ದು ನೆನಪಿದೆ. "ಇದು ನಮ್ಮ ಅಜ್ಜನ ಗೇರುಹಣ್ಣಿನ ಭಟ್ಟಿಯೇ ಮಾರಾಯ, ಕೋಟು ಹಾಕಿಸಿದ್ದಾರೆ ಅಷ್ಟೆ." ಕೆಳಗೆ ಫ್ಲಾಸ್ಕಿನಲ್ಲಿ ಕುದಿಯುವ ಸ್ಪಿರಿಟ್, ನಡುವೆ ಹೂವು, ಎಲ್ಲಕ್ಕೂ ಮೇಲೆ ತಣ್ಣೀರು ಹರಿಯುವ ಗಾಜಿನ ಕೊಳವೆ. ಆವಿ ಮೇಲೇರಿ ತಣಿದು ಹೂವಿನ ಮೇಲೆ ತೊಟ್ಟಿಕ್ಕಬೇಕು, ಹೂವಿನ ಸಾರವನ್ನು ಹೊತ್ತು ಮತ್ತೆ ಕೆಳಗಿಳಿಯಬೇಕು — ದಿನವಿಡೀ ಇದೇ. ತಣ್ಣೀರು ನಿಂತರೆ ಕಥೆ ಮುಗಿಯಿತು. ಸ್ಪಿರಿಟ್ ಗಾಳಿಗೆ ಹೋಗುತ್ತದೆ, ಸಾರ ಸೀದು ಫ್ಲಾಸ್ಕಿನ ತಳಕ್ಕೆ ಹಿಡಿಯುತ್ತದೆ.

ಬೇಸಗೆಯಲ್ಲಿ ಮಣಿಪಾಲದ ನಲ್ಲಿಗಳನ್ನು ನಂಬುವ ಹಾಗಿರಲಿಲ್ಲ. ಅದಕ್ಕೇ ನಾವು ಎತ್ತರದ ಸ್ಟೂಲಿನ ಮೇಲೆ ಡ್ರಮ್ಮು ಇಟ್ಟು, ಅದರಿಂದ ರಬ್ಬರ್ ಪೈಪಿನಲ್ಲಿ ನೀರು ಹಾಯಿಸುತ್ತಿದ್ದೆವು. ಹರಿದು ಬಂದ ನೀರು ಬಕೆಟಿಗೆ ಬೀಳುತ್ತಿತ್ತು. ಬಕೆಟ್ ತುಂಬಿದಾಗ ಎತ್ತಿ ಡ್ರಮ್ಮಿಗೆ ಸುರಿಯಬೇಕು. ಒಬ್ಬರ ಸಾರಕ್ಕೆ ಇನ್ನೊಬ್ಬರು ನೀರು ಕಾಯುವುದು ನಮ್ಮೊಳಗಿನ ಒಪ್ಪಂದ. ನನ್ನ ಕೊಡಸಿಗೆಗೆ ನೀನು ಎಷ್ಟು ಸಲ ಕಾದೆಯೋ — ಒಮ್ಮೆಯೂ ತಪ್ಪಿಸಿದವಳಲ್ಲ.

ಆ ಶನಿವಾರ ಬೆಳಿಗ್ಗೆ ನಿನ್ನ ಫ್ಲಾಸ್ಕು ಬಿರುಕು ಬಿಟ್ಟಿತ್ತು. ಕೊಡಸಿಗೆ ಕುದಿಸಿದ್ದ ನನ್ನ ಫ್ಲಾಸ್ಕನ್ನು ನೀನು ಕೇಳಿ ತೆಗೆದುಕೊಂಡೆ. ಸೋಪು ಹಾಕಿ ತೊಳೆದೆ, ಮತ್ತೆ ತೊಳೆದೆ, ಸ್ಪಿರಿಟ್‌ನಲ್ಲಿ ಜಾಲಿಸಿದೆ. "ಇನ್ನೂ ತೊಳೆದರೆ ಗಾಜು ಸವೆದೀತು," ಎಂದು ನಾನು ತಮಾಷೆ ಮಾಡಿದೆ. ಮಧ್ಯಾಹ್ನ, ಹೂವಿನ ಸಾರ ಇನ್ನೂ ಇಳಿಯುತ್ತಿರುವಾಗಲೇ, ನಿನಗೆ ಕಾರ್ಕಳದಿಂದ ಸುದ್ದಿ ಬಂತು.

"ವಾಸು, ಅಮ್ಮನಿಗೆ ಜೋರು ಜ್ವರ ಉಂಟಂತೆ. ನಾನು ಹೋಗಿ ಬರ್ತೇನೆ. ನೀರು ನೋಡ್ಕೊಳ್ತೀಯಲ್ಲ?"

"ನೀನು ಹೋಗು ಮಾರಾಯ್ತಿ, ನಾನು ಇದ್ದೇನೆ," ಅಂದೆ.

ಇರಲಿಲ್ಲ. ಮಸ್ಕತ್ತಿನಿಂದ ಬಂದ ಭಾವ ಕಾಪುವಿನ ತಮ್ಮ ಮನೆಗೆ ಟೇಪ್ ರೆಕಾರ್ಡರ್ ತಂದಿದ್ದರು. ನಮ್ಮದೇ ದನಿ ನಮಗೆ ಕೇಳಿಸುತ್ತದಂತೆ! ನನ್ನಂಥ ಇನ್ನಂಜೆಯ ಹಳ್ಳಿ ಹುಡುಗನಿಗೆ ಅದಕ್ಕಿಂತ ದೊಡ್ಡ ವಿಜ್ಞಾನ ಬೇಕೆ? ಬಕೆಟ್ ಡ್ರಮ್ಮಿಗೆ ಸುರಿದು, ಬೇಗ ಬಂದುಬಿಡುತ್ತೇನೆ ಎಂದುಕೊಂಡು ಬಸ್ಸು ಹತ್ತಿದೆ. ಅಲ್ಲಿ ನನ್ನ ದನಿಯನ್ನು ನಾನೇ ಕೇಳಿ ನಗುತ್ತ ಕೂತೆ. ಮರಳಿದಾಗ ಡ್ರಮ್ಮು ಖಾಲಿ, ಕೋಣೆ ತುಂಬ ಸ್ಪಿರಿಟ್ಟಿನ ಘಾಟು, ಫ್ಲಾಸ್ಕಿನ ತಳದಲ್ಲಿ ಕರಿ. ಬೆಂಕಿ ಹತ್ತದೇ ಇದ್ದದ್ದು ನಮ್ಮ ಪುಣ್ಯ.

ಹಿಂದೊಮ್ಮೆ ಹೀಗೇ ಕೆಲಸ ಬಿಟ್ಟು ಹೋಗಿ ರಾಯರ ಕೈಗೆ ಸಿಕ್ಕಿದ್ದೆ. ಇನ್ನೊಮ್ಮೆ ಆದರೆ ಮನೆಗೆ ಹೋಗು ಎಂದಿದ್ದರು. ಅದು ನೆಪವಲ್ಲ, ನನ್ನ ತಲೆಯಲ್ಲಿ ಆಗ ಇದ್ದದ್ದು ಅದೊಂದೇ ಎಂದು ಹೇಳುತ್ತಿದ್ದೇನೆ. ಹೂವಿನ ಕಾಲ ಮುಗಿದಿತ್ತು, ನಿನ್ನ ಚೀಲವೂ ಬರಿದಾಗಿತ್ತು. ಫ್ಲಾಸ್ಕಿಗೆ ಹೊಯಿಗೆ ಮರಳು ಹಾಕಿ ತಿಕ್ಕಿದೆ. ಕಪಾಟಿನಲ್ಲಿದ್ದ ನನ್ನ ಸಾರವನ್ನು ಸುರಿದು, ಬಣ್ಣಕ್ಕೆಂದು ನಿನ್ನ ಹೂವಿನ ಚರಟವನ್ನು ಅದ್ದಿ ಹಿಂಡಿದೆ. ಸೋಮವಾರ ನೀನು ಬಂದು ಫ್ಲಾಸ್ಕನ್ನು ಬೆಳಕಿಗೆ ಹಿಡಿದು, "ಎಷ್ಟು ಚಂದ ಬಂದಿದೆ ಅಲ್ವಾ," ಅಂದೆ. ಆಗಲಾದರೂ ನಾನು —

ಹೇಳಲಿಲ್ಲ. ಹೇಗೂ ಮೊದಲ ಪರೀಕ್ಷೆ, ಬರುವ ವರ್ಷ ಹೊಸ ಹೂ ತರುತ್ತಾಳೆ, ಸರಿಹೋಗುತ್ತದೆ ಎಂದುಕೊಂಡೆ. ಆದರೆ ರೋಗಾಣು ಬೆಳೆಸಿದ ತಟ್ಟೆಯಲ್ಲಿ ನಿನ್ನ ಸಾರದ ಹನಿಯ ಸುತ್ತ ಎಲ್ಲವೂ ಸತ್ತು, ದೊಡ್ಡ ತಿಳಿಬಳೆ ಮೂಡಿತು. ಮೂಡದೆ ಏನು, ಕೊಡಸಿಗೆಯಲ್ಲವೇ ಅದು. ರಾಯರು ಎಲ್ಲರನ್ನೂ ಕರೆದು ತೋರಿಸಿದರು. ಹೊಸ ಮದ್ದಿನ ಕೆಲಸ ನಿನ್ನದೇ ಎಂದರು. ನೀನು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅಮ್ಮನಿಗೆ ಇವತ್ತೇ ಹೇಳಬೇಕು ಎಂದೆ.

ಮರುವರ್ಷ ಹೊಸ ಹೂ ಬಂತು. ತಟ್ಟೆಯಲ್ಲಿ ಬಳೆ ಮೂಡಲಿಲ್ಲ. ನೀನು ಮತ್ತೆ ಕುದಿಸಿದೆ, ಮತ್ತೆ ಇಲ್ಲ. ತಣ್ಣಗೆ ನೆನೆಸಿ ನೋಡಿದೆ, ಆಗಲೂ ಇಲ್ಲ. ರಾಯರು ಎಲ್ಲರೆದುರು ಕೇಳಿದರು, "ಹೋದ ವರ್ಷ ಇದಕ್ಕೆ ಎಂತ ಸೇರಿಸಿದ್ರಿ ನೀವು?"

ನೀನು ನನ್ನ ಕಡೆ ತಿರುಗಿದೆ. "ವಾಸು, ಅವತ್ತು ನೀನೇ ಇದ್ದದ್ದಲ್ಲ? ಏನೂ ಹೆಚ್ಚುಕಡಿಮೆ ಆಗಿರಲಿಲ್ಲ ಅಲ್ವಾ?"

"ಇಲ್ಲ," ಅಂದೆ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುತ್ತಾರೆ. ನನಗೆ ತಪ್ಪಿದ ದೊಣ್ಣೆ ನಿನ್ನ ಮೇಲೆ ಬಿತ್ತು. ಕಳ್ಳ ಫಲಿತಾಂಶ ತೋರಿಸಿದವಳು ಎಂದು ಪಿಸುಗುಟ್ಟಿದರು, ನೀನು ಕೆಲಸ ಬಿಟ್ಟೆ. ಮದ್ದಿನ ಕೆಲಸ ನನ್ನ ಕೊಡಸಿಗೆಯ ಜೊತೆ ನನ್ನ ಮೇಜಿಗೆ ಬಂತು. ನಾನು ಅದನ್ನು ಬೇಡ ಎನ್ನಲಿಲ್ಲ.

ಆಮೇಲೆ ಎಷ್ಟೋ ವರ್ಷ ಕಳೆದು, ಎಂಬತ್ತರ ದಶಕ ಮುಗಿಯುತ್ತ ಬಂದಾಗ, ಕಾರ್ಕಳದಲ್ಲಿ ತಲೆನೋವಿನ ಮಾತ್ರೆಗೆಂದು ಹೊಕ್ಕ ಅಂಗಡಿ ನಿನ್ನದಾಗಿತ್ತು. ನೀನು ಸ್ಟೂಲು ಕೊಟ್ಟು ಕೂರಿಸಿದೆ, ಮನೆಯವರನ್ನೆಲ್ಲ ವಿಚಾರಿಸಿದೆ. ಆಮೇಲೆ ಗಿರಾಕಿಗಳಿಲ್ಲದ ಹೊತ್ತು ನೋಡಿ ದನಿ ತಗ್ಗಿಸಿದೆ.

"ನಿನ್ನ ಹತ್ರ ಒಂದು ಹೇಳ್ಲಿಕ್ಕೆ ಉಂಟು ವಾಸು. ನಿನ್ನ ಫ್ಲಾಸ್ಕು ನಾನು ಸರಿ ತೊಳೆದಿಲ್ಲ ಅಂತ ಕಾಣ್ತದೆ. ನಿನ್ನ ಕೊಡಸಿಗೆ ಅದರಲ್ಲಿ ಉಳಿದಿತ್ತು, ಮತ್ತೆಂತ ಅಲ್ಲ. ನನ್ನ ಉದಾಸೀನಕ್ಕೆ ರಾಯರ ಎದುರು ನಿನ್ನನ್ನೂ ಎಳೆದೆ. ಬೇಜಾರು ಮಾಡ್ಬೇಡ."

ಅಷ್ಟು ವರ್ಷ ಯೋಚಿಸಿ ಯೋಚಿಸಿ ನೀನು ಸತ್ಯದ ಬಾಗಿಲ ತನಕ ಬಂದಿದ್ದೆ, ಅಲ್ಲಿ ನಿನ್ನನ್ನೇ ಅಪರಾಧಿಯಾಗಿ ನಿಲ್ಲಿಸಿಕೊಂಡಿದ್ದೆ. ನಾನು ಏನು ಹೇಳಿದೆ ಗೊತ್ತಲ್ಲ? "ಹೋಗ್ಲಿ ಬಿಡು, ಹಳೇ ಕಥೆ." ನಿನ್ನನ್ನು ಕ್ಷಮಿಸಿ, ಮಾತ್ರೆ ಜೇಬಿಗೆ ಹಾಕಿಕೊಂಡು ಬಂದೆ. ಫ್ಲಾಸ್ಕಿನ ಕೆಲಸಕ್ಕಿಂತ ಇದಕ್ಕೇ ನನಗೆ ಹೆಚ್ಚು ನಾಚಿಕೆ.

ನಿನ್ನೆ ಉಡುಪಿಗೆ ಹೋಗಿ ರಾಯರಿಗೆ ಎಲ್ಲವನ್ನೂ ಹೇಳಿದೆ. ಅವರಿಗೆ ಈಗ ಕಣ್ಣು ಸರಿ ಕಾಣುವುದಿಲ್ಲ. "ಆ ಹುಡುಗಿಗೆ ಹೇಳಿದೆಯಾ?" ಎಂದು ಕೇಳಿದರು. ಇನ್ನೂ ಇಲ್ಲ ಅಂದೆ. "ಮತ್ತೆ ಇಲ್ಲಿಗೆ ಎಂತಕ್ಕೆ ಬಂದದ್ದು ಮೊದಲು?" ಅಂದರು.

ಇವತ್ತು ಕಾರ್ಕಳಕ್ಕೆ ಬರುತ್ತಿದ್ದೇನೆ. ನಿನ್ನೆದುರು ನಿಂತಾಗ ನಾಲಿಗೆ ಮತ್ತೆ ತಪ್ಪಿಸಿಕೊಂಡೀತೆಂದು ಇದನ್ನು ಬರೆದು ಹಿಡಿದಿದ್ದೇನೆ. ಕ್ಷಮೆ ಕೇಳುವುದಿಲ್ಲ. ನಿನಗೆ ಸೇರಬೇಕಾದ ಮಾತೊಂದು ನನ್ನ ಬಳಿ ಉಳಿದಿದೆ, ಅದನ್ನು ಒಪ್ಪಿಸಬೇಕು. ಆ ಬೆಳಿಗ್ಗೆ ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ, ಐರಿನ್. ನೀನು ಫ್ಲಾಸ್ಕನ್ನು ಚೆನ್ನಾಗಿಯೇ ತೊಳೆದಿದ್ದೆ.