ನಾಯಿಯ ಉಚ್ಚೆಗೆ ಆಕಳ ಗಂಜಲ

ಪ್ಲೇಗಿನ ಕಾಲದಲ್ಲಿ ಮನೆಯೊಳಗೆ ಇಲಿ ಸತ್ತು ಬಿದ್ದರೆ ಸಾಕು, ಜನ ಬಾಗಿಲಿಗೆ ಕೀಲಿ ಜಡಿದು ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಕೊಣ್ಣೂರಿನ ಅರ್ಧ ಓಣಿಗಳು ಹಾಗೆ ಬರಿದಾಗಿದ್ದವು. ಮನೆಯ ಸಣ್ಣ ಕೂಸುಗಳನ್ನು ಕಟ್ಟಿಕೊಂಡು ನಾವೂ ಹೋದೆವು. ನಾನು ಆಗ ಆ ಮನೆಯ ಹೊಸ ಸೊಸೆ.

ಹೊಲದಲ್ಲಿದ್ದಾಗ ನನಗೆ ಜ್ವರ ಬಂತು. ಪ್ಲೇಗೇ ಇರಬೇಕೆಂದು ಹೆದರಿ ನನ್ನೊಬ್ಬಳನ್ನೇ ಬದುವಿನಾಚೆಯ ಗುಡಿಸಲಿನಲ್ಲಿ ಮಲಗಿಸಿದರು. ಅತ್ತೆ ಗಂಜಿಯ ಗಡಿಗೆಯನ್ನು ಹೊರಗಿಟ್ಟು ಕೂಗಿ ಹೋಗುತ್ತಿದ್ದರು. ಗಂಡನೂ ದೂರದಿಂದಲೇ "ಹ್ಯಾಂಗದಿ?" ಅನ್ನುತ್ತಿದ್ದ. ಒಳಗೆ ಬಂದದ್ದು ಮನೆಯ ನಾಯಿಯೊಂದೇ. ನಾನು ಎದ್ದು ಓಡಾಡುವ ತನಕ ಅದು ನನ್ನ ಕೌದಿಯ ಮೇಲೇ ಮಲಗಿತು. ಕೊನೆಗೆ ನೋಡಿದರೆ ಅದು ಪ್ಲೇಗಲ್ಲ, ಬರೀ ಜ್ವರ.

ಊರೊಳಗೆ ಬೇನೆ ನಿಂತ ಮೇಲೆ ಮನೆಗೆ ಮರಳಿದೆವು. ಮೊದಲು ಹಬ್ಬಕ್ಕೋ ಅಮಾವಾಸ್ಯೆಗೋ ಮಾತ್ರ ಗಂಜಲ ಚಿಮುಕಿಸುತ್ತಿದ್ದ ಅತ್ತೆ ಈಗ ದಿನಾ ಬೆಳಿಗ್ಗೆ ಆಕಳ ಗಂಜಲವನ್ನು ತಂಬಿಗೆಯಲ್ಲಿ ಹಿಡಿದು, ಬೇವಿನ ತೊಪ್ಪಲಿನಿಂದ ಕಂಬಕ್ಕೆ, ಹೊಸ್ತಿಲಿಗೆ, ಕಾಳಿನ ಕಣಜಕ್ಕೆ ಎಲ್ಲ ಚಿಮುಕಿಸತೊಡಗಿದರು. ಬೇನೆಯ ಸುಳಿವೂ ಉಳಿಯಬಾರದೆಂದು.

ಅದೇ ವಾರ ನಾಯಿ ಪಡಸಾಲೆಯ ಕಂಬಕ್ಕೆ ಕಾಲೆತ್ತಿತು. ಒತ್ತಿ ಬಂದರೆ ಹಿತ್ತಲ ಬಾಗಿಲು ಕೆರೆದು ಹೊರಗೆ ಹೋಗುತ್ತಿದ್ದ ನಾಯಿ ಅದು. ಆ ಪಾಠ ಕಲಿಸಿದವರೂ ಅತ್ತೆಯೇ. ಹೊಲಸಾಯಿತೆಂದು ಅತ್ತೆ ಆ ಕಂಬಕ್ಕೆ ಇನ್ನಷ್ಟು ಗಂಜಲ ಸುರಿದರು. ಮರುದಿನ ನಾಯಿ ಮತ್ತೆ ಅಲ್ಲೇ ಕಾಲೆತ್ತಿತು, ಹೊಸ್ತಿಲಿಗೂ ಎತ್ತಿತು. ಮತ್ತೆ ಗಂಜಲ. ಹೊಡೆದರು, ಮೂತಿ ತಿಕ್ಕಿದರು, ಒಂದು ಹೊತ್ತು ರೊಟ್ಟಿ ಹಾಕಲಿಲ್ಲ. ನಾಯಿ ಬಾಲ ಮುದುರಿಕೊಂಡೇ ಹೊಯ್ಯುತ್ತಿತ್ತು.

"ಇದು ಬ್ಯಾನಿನ ಮತ್ತ ಕರಿಯಾಕತ್ತೈತಿ," ಎಂದರು ಅತ್ತೆ.

ನಡುವೆ ಅವರು ಕುಲಗೋಡದ ತವರಿಗೆ ಹೋದರು. ಗಂಜಲದ ಕೆಲಸವನ್ನು ನನಗೆ ಹೇಳಿ ಹೋಗಿದ್ದರು. ನಾನು ಕಂಬಗಳನ್ನು ಬಿಸಿ ಬೂದಿ ನೀರಿನಲ್ಲಿ ತಿಕ್ಕಿ, ಗಂಜಲ ಹಾಕದೆ ಸುಮ್ಮನಾದೆ. ಅವರು ಬರುವ ತನಕ ನಾಯಿ ಒಳಗೆ ಒಂದು ಹನಿ ಹೊಯ್ಯಲಿಲ್ಲ. ಬಂದವರು ತಂಬಿಗೆ ಹಿಡಿದರು. ನಾಯಿ ಕಂಬ ಮೂಸಿತು, ಅದರ ಬೆನ್ನ ಕೂದಲು ನೆಟ್ಟಗಾಯಿತು, ಕಾಲೆತ್ತಿತು. ಅದರ ಲೆಕ್ಕದಲ್ಲಿ ಯಾರೋ ದಿನಾ ಮನೆಗೆ ನುಗ್ಗಿ ಕಂಬಕ್ಕೆ ಹೊಯ್ದು ಹೋಗುತ್ತಿದ್ದರು. ಕಾವಲು ನಾಯಿ ಸುಮ್ಮನಿರುತ್ತದೆಯೇ? ಇದು ನಮ್ಮ ಮನೆ ಎಂದು ಅದೂ ತನ್ನ ಗುರುತು ಹಾಕುತ್ತಿತ್ತು.

ಅತ್ತೆಗೆ ಇದನ್ನೇ ಹೇಳಿದೆ. ಮನೆ ಹಾರಿಹೋಗುವಂತೆ ಬೈದರು. "ಆಕಳ ಗಂಜಲಕ್ಕ ಹೆಸರಿಡಾಕ ಬಂದ್ಳು! ಸಲಿಗಿ ಕೊಟ್ರ ನಾಯಿನೂ ತಲಿ ಮ್ಯಾಲ ಕುಂದರತೈತಿ, ಸೊಸಿನೂ ಕುಂದರತಾಳ!"

ಅಂದೇ ಗಂಡನಿಗೆ ಅಪ್ಪಣೆಯಾಯಿತು: ಗೋಕಾಕ ಹತ್ತಿರ, ಅಲ್ಲಿ ಬಿಟ್ಟರೆ ತಿರುಗಿ ಬಂದೀತು; ಹುಕ್ಕೇರಿ ಸಂತೆಯಲ್ಲಿ ಬಿಟ್ಟು ಬಾ. ಅವನು ತಾಯಿಯ ಮಾತಿಗೆ ಎದುರಾಡಿದವನಲ್ಲ. ಬೆಳಿಗ್ಗೆ ಗಾಡಿ ಹೂಡಿ ನಾಯಿಯನ್ನು ಅದರೊಳಗೆ ಕಟ್ಟಿದ. ನಾನು ಸೆರಗು ಸಿಕ್ಕಿಸಿ ಗಾಡಿ ಹತ್ತಿ ಅದರ ಬಾಜೂ ಕೂತೆ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ನಿಲ್ಲಲಿ ಎಂದುಕೊಂಡೆ.

"ಇಳಿ ಕೆಳಗ!" ಅತ್ತೆ ಕೂಗಿದರು.

"ಇಳಿಯೂದಿಲ್ರಿ. ನನಗ ಜ್ವರ ಬಂದಾಗ ನೀವ್ಯಾರೂ ಒಳಗ ಬರಲಿಲ್ಲ. ಇದು ಬಂತು. ಇದನ್ನ ಬಿಡೂದಾದ್ರ ನನ್ನೂ ಅಲ್ಲೇ ಬಿಟ್ಟ ಬರ್ಲಿ."

ಅತ್ತೆಯ ದನಿ ಇಳಿಯಿತು. "ಮನ್ಯಾಗ ಸಣ್ಣ ಕೂಸುಗಳಿದ್ವು. ನಾ ಏನ್ ಮಾಡಬೇಕಿತ್ತವಾ?"

ಆ ಮಾತು ಖರೆ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ. ಆದರೂ ಗಾಡಿಯಿಂದ ಇಳಿಯಲಿಲ್ಲ.

"ಬರೂ ಅಮಾಸಿ ತನಕ ಗಂಜಲ ಮುಟ್ಟಬ್ಯಾಡ್ರಿ," ಎಂದೆ. "ಬೂದಿ ನೀರಾಗ ನಾ ತೊಳಿತೀನಿ. ಅಷ್ಟಾಗಿಯೂ ಒಳಗ ಹೊಯ್ದ್ರ ನಾನಽ ಒಯ್ದು ಬಿಟ್ಟ ಬರತೀನಿ."

ಅತ್ತೆ "ಎತ್ತ ಬಿಚ್ಚೋ" ಎಂದು ಮಗನಿಗೆ ಹೇಳಿ ಒಳಗೆ ಹೋದರು. ಆಮೇಲೆ ಗಂಜಲವನ್ನೂ ಬಿಟ್ಟರು, ನನ್ನ ಜೊತೆ ಮಾತನ್ನೂ ಬಿಟ್ಟರು. ನಾನು ದಿನಾ ಕೈ ಸುಡುವಷ್ಟು ಬಿಸಿ ನೀರಲ್ಲಿ ಕಂಬ ತಿಕ್ಕಿದೆ. ನಾಯಿ ಮೊದಲಿನಂತೆ ಹಿತ್ತಲ ಬಾಗಿಲು ಕೆರೆಯಿತು.

ಅಮಾವಾಸ್ಯೆಯ ಬೆಳಿಗ್ಗೆ ಅತ್ತೆ ತಂಬಿಗೆ ಹಿಡಿದು ಅಡಿಗೆಮನೆಯ ಬಾಗಿಲಿಗೆ ಬಂದರು. "ಇವತ್ತ ಅಮಾಸಿ. ಹೊಸ್ತಿಲಿಗರ ಒಂದೀಟ ಚಿಮುಕಿಸಲೇನ?" ಎಂದರು.

ನಾನು ಆ ಮನೆಗೆ ಬಂದ ಮೇಲೆ ಅವರು ನನ್ನನ್ನು ಏನಾದರೂ ಕೇಳಿ ಮಾಡಿದ್ದು ಅದೇ ಮೊದಲು. ಪಾಪ ಅನ್ನಿಸಿತು.

"ಬ್ಯಾಡ್ರಿ," ಎಂದೆ.