ಕಾಲಡಿಯ ನೆಲಕ್ಕೆ ಬೇರೆ ವಿಮೆ

‘ಆಗ್ಲಿಕ್ಕಿಲ್ಲ’ ಎಂದವರು ನಮ್ಮ ಹಮೀದ್ ಮಾಮ. ಉಮ್ಮನ ಅಣ್ಣ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಳಗಲ್ಲಿಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡು, ಅದರ ಹಿಂದಿನ ಕಟ್ಟಡದ ಮೂರನೇ ಮಾಳಿಗೆಯ ಒಂದೇ ಕೋಣೆಯಲ್ಲಿ ಆಯುಸ್ಸಿನ ಮುಕ್ಕಾಲು ಪಾಲು ಕಳೆದವರು. ಈ ಮಾತನ್ನು ಅವರು ನನಗೆ ಮೂರು ಸಲ ಹೇಳಿದ್ದಾರೆ. ಪಿಯುಸಿ ಮುಗಿಸಿ ಡಿಗ್ರಿಗೆ ಸೇರುತ್ತೇನೆ ಎಂದಾಗ ಫೋನಿನಲ್ಲೇ ನಕ್ಕು, “ಡಿಗ್ರಿಯಾ? ನಮ್ಮ ಕುಟುಂಬದಲ್ಲಾ? ಅದೆಲ್ಲ ಆಗ್ಲಿಕ್ಕಿಲ್ಲ ಜುಬೇದಾ” ಎಂದರು. ಆಯಿತು. ನಮ್ಮ ಕುಟುಂಬದ ಮೊದಲ ಬಿ.ಕಾಂ. ನಾನೇ. ಮುಂದೆ ಮದುವೆಯಾಗಿ ನಾನೂ ಅಬುಧಾಬಿಗೆ ಬಂದು, ಗಂಡ ಹೆಂಡತಿ ಇಬ್ಬರೂ ದುಡಿದು, ಸ್ವಂತ ಮನೆ ಕೊಳ್ಳುತ್ತೇವೆ ಎಂದಾಗಲೂ ಅದೇ ಮಾತು. ಅದೂ ಆಯಿತು. ಈಗ ಮೂರನೆಯದು. ಮನೆಯ ಅಡಿಯ ನೆಲ ಇದ್ದಕ್ಕಿದ್ದಂತೆ ಕುಸಿದು ಮನೆ ಒಳಗೆ ಹೋಗಿಬಿಟ್ಟರೆ ಏನು ಮಾಮ ಎಂದು ಕೇಳಿದೆ. ಸೂಜಿಗೆ ನೂಲು ಪೋಣಿಸುತ್ತಿದ್ದವರು ತಲೆ ಎತ್ತಲೂ ಇಲ್ಲ. “ಮಾಫಿ!” ಎಂದರು, ಅರಬಿಯಲ್ಲಿ ‘ಇಲ್ಲ’ ಎಂದು. “ಆಗ್ಲಿಕ್ಕಿಲ್ಲ.”

ಎರಡು ಸಲ ಸುಳ್ಳಾದ ಬಾಯಿಯನ್ನು ಮೂರನೇ ಸಲ ನಂಬುವುದು ಹೇಗೆ, ನೀವೇ ಹೇಳಿ.

ಪ್ರಶ್ನೆ ಹುಟ್ಟಿದ್ದು ಮನೆಯ ವಿಮೆ ನವೀಕರಿಸುವಾಗ. ನಮ್ಮದು ಊರಾಚೆಯ ಬಡಾವಣೆಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆಗಳಲ್ಲಿ ಒಂದು. ಹಿತ್ತಿಲೆಂದರೆ ನಾಲ್ಕು ಚಾಪೆಯಷ್ಟು ಜಾಗ, ಅದರಲ್ಲಿ ನನ್ನ ಬಸಳೆ ಚಪ್ಪರ. ವಿಮೆಯವರು ಕಳುಹಿಸಿದ ಕಾಗದದ ಕೊನೆಯಲ್ಲಿ ಒಂದು ಖಾಲಿ ಚೌಕ, ಅದರ ಮುಂದೆ ‘ಸಿಂಕ್‌ಹೋಲ್ ರಕ್ಷಣೆ, ಐಚ್ಛಿಕ’ ಎಂಬರ್ಥದ ಇಂಗ್ಲಿಷು. ಸಿಂಕ್‌ಹೋಲ್ ಎಂದರೆ ನೆಲ ಒಳಗೊಳಗೇ ಟೊಳ್ಳಾಗಿ ಒಂದು ದಿನ ಹೇಳದೆ ಕೇಳದೆ ಬಾಯಿ ಬಿಡುವುದು. ಬೇರೆ ಹೊತ್ತಿನಲ್ಲಾಗಿದ್ದರೆ ಓದಿ ಬದಿಗಿಡುತ್ತಿದ್ದೆನೋ ಏನೋ. ಆದರೆ ಇಲ್ಲಿ ಎಂದೂ ಬರದಂಥ ಒಂದು ದೊಡ್ಡ ಮಳೆ ಬಂದುಹೋದ ನಂತರ ಪಕ್ಕದ ಮನೆಯವರ ಕಾರು ನಿಲ್ಲಿಸುವ ಕಡೆ ಇಂಟರ್‌ಲಾಕ್ ಕಲ್ಲುಗಳು ಊಟದ ಬಟ್ಟಲಿನ ಹಾಗೆ ಕುಳಿಬಿದ್ದಿದ್ದನ್ನು ಕಣ್ಣಾರೆ ಕಂಡಿದ್ದೆ. ಬಡಾವಣೆಯ ಆಫೀಸಿನವರು ಬಂದು ಮರಳು ಸುರಿದು, ಕಲ್ಲು ಮತ್ತೆ ಜೋಡಿಸಿ, “ಖಲಾಸ್” ಎಂದು ಕೈ ಕೊಡವಿಕೊಂಡು ಹೋದರು. ಕುಳಿ ಮುಚ್ಚಿತು. ನನ್ನ ಹೊಟ್ಟೆಯಲ್ಲಿ ಬಿದ್ದ ಕುಳಿ ಮುಚ್ಚಲಿಲ್ಲ.

ಆದರೂ ನನಗೆ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. ಬೆಂಕಿ ಬಿದ್ದರೆ ಕೊಡುತ್ತಾರಂತೆ, ಕಳ್ಳ ಬಂದರೆ ಕೊಡುತ್ತಾರಂತೆ, ಪೈಪು ಒಡೆದರೆ, ಕಿಟಕಿಯ ಗಾಜು ಸೀಳಿದರೆ, ಎಲ್ಲಕ್ಕೂ ಕೊಡುತ್ತಾರಂತೆ. ಇವೆಲ್ಲ ನಿಂತಿರುವುದು ಯಾವುದರ ಮೇಲೆ? ನೆಲದ ಮೇಲೆ. ಆ ನೆಲಕ್ಕೆ ಮಾತ್ರ ಬೇರೆ ದುಡ್ಡು! ಊಟಕ್ಕೆ ಕರೆದು ಎಲೆಗೆ ಬೇರೆ ಬಿಲ್ಲು ಹಾಕಿದ ಹಾಗೆ.

‘ಐಚ್ಛಿಕ’ ಎಂಬ ಪದದ ಮೇಲೆ ನನಗೆ ಹಳೆಯ ಮುನಿಸೂ ಇದೆ. ಕಾಲೇಜಿನಲ್ಲಿ ಐಚ್ಛಿಕ ವಿಷಯ ಆರಿಸಿಕೊಳ್ಳಿ ಎಂದಾಗ ಎಷ್ಟು ಸಂಭ್ರಮದಿಂದ ಹೋಗಿದ್ದೆ! ಕಿಟಕಿಯಾಚೆ ಕೂತ ಗುಮಾಸ್ತರು, “ಅದು ಭರ್ತಿಯಾಗಿದೆ, ಇದು ಉಂಟು, ಬರ್ಕೊಳ್ಳಿ” ಎಂದರು. ಇಚ್ಛೆ ಅವರದು, ಬರೆದುಕೊಂಡದ್ದು ನಾನು. ಅಂದಿನಿಂದ ಯಾರಾದರೂ ‘ನಿಮ್ಮ ಇಷ್ಟ’ ಎಂದರೆ ನಾನು ಮೊದಲು ಅವರ ಇಷ್ಟ ಯಾವುದೆಂದು ನೋಡುತ್ತೇನೆ.

ವಿಮೆ ಕಂಪನಿಗೆ ಫೋನು ಮಾಡಿದೆ. ಎತ್ತಿದವಳು ಲವಿನಾ, ಉಡುಪಿ ಕಡೆಯ ಹುಡುಗಿ. ನನ್ನ ಇಂಗ್ಲಿಷಿನಲ್ಲೇ ಕರಾವಳಿ ಕೇಳಿಸಿತೋ ಏನೋ, ಎರಡನೇ ಮಾತಿಗೇ ಕನ್ನಡಕ್ಕೆ ಹೊರಳಿದಳು.

“ಇಲ್ಲಿ ಹಾಗೆಲ್ಲ ಆಗುದಿಲ್ಲ ಮ್ಯಾಡಮ್.”

“ಆಗದಿದ್ರೆ ಮಾರುದು ಯಾಕೆ?”

“ಒಂದು ವೇಳೆ ಆದ್ರೆ ಇರ್ಲಿ ಅಂತ.”

“ಅಂದ್ರೆ ಆಗ್ತದೆ ಅಂತಾಯ್ತಲ್ಲ?”

“ಆಗುದಿಲ್ಲ ಮ್ಯಾಡಮ್. ಆದ್ರೆ ಆಗ್ಲಿಕ್ಕೂ ಸಾಕು.”

ನನಗೆ ನಗು ಬಂದರೂ ನಗಲಿಲ್ಲ. ಸಿಟ್ಟಿನಲ್ಲಿರುವಾಗ ನಕ್ಕರೆ ಸಿಟ್ಟು ಹಾಳಾಗುತ್ತದೆ.

ಸಂಜೆ ಪಕ್ಕದ ಮನೆಯವರನ್ನು ಕೇಳಿದೆ. ಕುಳಿ ಬಿದ್ದದ್ದು ಅವರ ಮನೆಯ ಮುಂದೆ ತಾನೆ? ಬೆಂಗಳೂರಿನವರು, ಒಳ್ಳೆಯ ಮನುಷ್ಯ, ಇಂಜಿನಿಯರು. “ಅಯ್ಯೋ ಬಿಡಿ ಮೇಡಂ, ಅದಕ್ಕೆಲ್ಲ ಯಾರು ತಲೆ ಕೆಡಿಸ್ಕೋತಾರೆ? ಹೋದ್ರೆ ಹೋಯ್ತು. ಊರಲ್ಲಿ ನಮ್ಮಪ್ಪಂದು ಎರಡು ಮನೆ ಇದ್ಯಲ್ಲ” ಎಂದರು. ಅವರು ಜಂಬಕ್ಕೆ ಹೇಳಲಿಲ್ಲ, ಸಮಾಧಾನಕ್ಕೆ ಹೇಳಿದರು. ನನಗೆ ಇನ್ನೂ ಉರಿಯಿತು. ನನ್ನ ತಂದೆ ದೋಣಿಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದವರು. ಉಳ್ಳಾಲದಲ್ಲಿ ನಾವು ಇದ್ದ ಬಾಡಿಗೆ ಮನೆಗಳ ಧಣಿಗಳಿಗೆಲ್ಲ ಮಗನ ಮದುವೆ, ಮಗಳ ಹೆರಿಗೆ ಎಂದು ಏನಾದರೊಂದು ಬರುತ್ತಿತ್ತು. ಮನೆ ಬಿಡಿ ಎನ್ನುತ್ತಿದ್ದರು, ನಾವು ಪಾತ್ರೆ ಕಟ್ಟುತ್ತಿದ್ದೆವು. ಹುಟ್ಟುವಾಗಲೇ ಕಾಲ ಕೆಳಗೆ ನೆಲ ಇದ್ದವರಿಗೆ ನೆಲ ಕುಸಿಯುವುದು ಐಚ್ಛಿಕ. ನಮ್ಮಂಥವರಿಗೆ ಅದೊಂದೇ ಕಡ್ಡಾಯ ವಿಷಯ.

ಭಾಷೆಯನ್ನೇ ನೋಡಿ. ಮರ್ಯಾದೆ ಹೋದಾಗಲೆಲ್ಲ ನಾವು ‘ಭೂಮಿ ಬಾಯಿಬಿಟ್ಟು ನುಂಗಬಾರದೇ’ ಎನ್ನುತ್ತೇವೆ. ಎಷ್ಟು ತಲೆಮಾರುಗಳಿಂದ ಎಷ್ಟು ಜನ ಕೇಳಿಕೊಂಡಿರಬೇಕು! ನಾನೂ ಕೇಳಿದ್ದೆ. ಕಾಲೇಜಿನ ಮೊದಲ ದಿನ ಎಲ್ಲರೂ ‘ಪ್ರೆಸೆಂಟ್ ಸರ್’ ಎನ್ನುತ್ತಿರುವಾಗ ನಾನು ಶಾಲೆಯ ಅಭ್ಯಾಸದಲ್ಲಿ ಎದ್ದು ನಿಂತು ‘ಹಾಜರ್’ ಎಂದು ಕೂಗಿದೆ. ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು. ಅವತ್ತು ಭೂಮಿ ಬಾಯಿ ಬಿಡಲಿಲ್ಲ. ಬೇಕೆಂದು ಬೇಡಿದಾಗ ತುಟಿ ಬಿಗಿದುಕೊಂಡ ಭೂಮಿ, ಈಗ ನಾನು ಮರ್ಯಾದೆಯಿಂದ ಮನೆ ಮಾಡಿಕೊಂಡಾಗ ಬಾಯಿ ಬಿಟ್ಟರೆ ಸಿಟ್ಟು ಬರುವುದಿಲ್ಲವೇ?

ಓದಿಯೇ ಮೇಲೆ ಬಂದವಳು ನಾನು. ಓದದೆ ಸಹಿ ಹಾಕುವುದು ನನಗೆ ತಿಳಿಯದು. ಕೂತು ಓದಿದೆ. ಈ ಸೀಮೆಯಲ್ಲಿ ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಮ್ಮು, ಸುಣ್ಣಕಲ್ಲು ಇರುತ್ತದಂತೆ. ನೀರು ತಾಗಿದರೆ ಕಲ್ಲುಸಕ್ಕರೆಯ ಹಾಗೆ ಮೆಲ್ಲಮೆಲ್ಲನೆ ಕರಗುತ್ತದಂತೆ. ಮರುಭೂಮಿಯಲ್ಲಿ ನೀರೆಲ್ಲಿಂದ ಬಂತು? ನಾವೇ ಸುರಿಯುವುದು. ಸೋರುವ ಪೈಪು, ಹಸಿರು ಹುಲ್ಲು, ಮತ್ತೆ ನನ್ನ ಬಸಳೆ! ಮರುದಿನ ಬೆಳಿಗ್ಗೆ ಪೈಪು ಹಿಡಿದು ಚಪ್ಪರದ ಬುಡದಲ್ಲಿ ನಿಂತವಳಿಗೆ ನನ್ನ ಮನೆಯ ಅಡಿಪಾಯಕ್ಕೆ ನಾನೇ ನೀರು ಹೊಯ್ಯುತ್ತಿದ್ದೇನೆ ಅನ್ನಿಸಿ, ಬಸಳೆಯ ಮೇಲೂ ಸಿಟ್ಟು ಬಂತು. ಅದೇನು ಮಾಡಿತ್ತು ಪಾಪ.

ನಮ್ಮ ಬಡಾವಣೆಯ ಕೆಳಗೆ ಏನಿದೆ ಎಂದು ಮಣ್ಣು ಪರೀಕ್ಷೆಯ ವರದಿ ಕೇಳಿದೆ. ಆಫೀಸಿನವರು “ಕಾನ್ಫಿಡೆನ್ಷಿಯಲ್” ಎಂದರು. ಮನೆ ನನ್ನದು, ಸಾಲ ನನ್ನದು, ನೆಲದ ಕೆಳಗಿರುವುದು ಮಾತ್ರ ನನಗೇ ಗುಟ್ಟು!

ಕೊನೆಗೆ ಆ ಐಚ್ಛಿಕದ ಷರತ್ತುಗಳನ್ನು ಓದಿದೆ. ಇದ್ದಕ್ಕಿದ್ದಂತೆ ಕುಸಿದರೆ ಕೊಡುತ್ತಾರೆ. ಮೆಲ್ಲಗೆ ಇಳಿದರೆ ಇಲ್ಲ. ಕಟ್ಟುವಾಗ ಮಣ್ಣು ಸರಿಯಾಗಿ ತುಂಬದೆ ಕುಸಿದರೆ ಇಲ್ಲ. ಅಂಗಳದ ಕಲ್ಲು ಕುಳಿಬಿದ್ದರೆ ಇಲ್ಲ. ಅಂದರೆ ನನ್ನನ್ನು ಹೆದರಿಸಿದ ಪಕ್ಕದ ಮನೆಯ ಕುಳಿಗೆ ಇದರಲ್ಲಿ ಚಿಕ್ಕಾಸೂ ಹುಟ್ಟುವುದಿಲ್ಲ! ಕಾಗದ ಹರಿದು ಬಿಸಾಡಬೇಕೆನಿಸಿತು. ಒಂದು ಚಾ ಕುಡಿದ ಮೇಲೆ ಬೇರೆ ಯೋಚನೆ ಬಂತು. ಸಣ್ಣ ನಷ್ಟ ತಡೆದುಕೊಳ್ಳುವುದರಲ್ಲಿ ನಾನು ಪಳಗಿದವಳು, ಅದಕ್ಕೆ ವಿಮೆ ಬೇಡ. ತಡೆಯಲಾಗದ್ದು ಇಡೀ ಮನೆ ಹೋಗುವುದು. ಮನೆ ಮುಳುಗಿದರೂ ಬ್ಯಾಂಕಿನ ಸಾಲ ತೇಲುತ್ತಲೇ ಇರುತ್ತದಲ್ಲ. ಎತ್ತರದ ಫ್ಲ್ಯಾಟಿನಲ್ಲಿ ಇರುವವರು ತಮ್ಮ ಕಟ್ಟಡದ ವಿಮೆಯಲ್ಲಿ ಇದು ಸೇರಿದೆಯೇ ಎಂದು ಕೇಳಿಕೊಂಡರೆ ಸಾಕೇನೋ. ನಮ್ಮದು ಮಣ್ಣಿಗೆ ಅಂಟಿದ ಮನೆ. ಎರಡನೆಯ ಮನೆ ಇಲ್ಲದವರಿಗೆ ಆ ಚೌಕ ಖಾಲಿ ಬಿಡುವ ಸ್ವಾತಂತ್ರ್ಯ ಇಲ್ಲ.

ಮಗಳು ಫೋನಿನಿಂದ ಕಣ್ಣೆತ್ತದೆ, “ಉಮ್ಮಾ, ಪ್ರಾಬಬಿಲಿಟಿ ಈಸ್ ವೆರಿ ಲೋ” ಎಂದಳು.

“ನಾನು ಡಿಗ್ರಿ ಮಾಡುವ ಪ್ರಾಬಬಿಲಿಟಿಯೂ ಲೋ ಇತ್ತು.”

“ದಟ್ಸ್ ಡಿಫರೆಂಟ್.”

“ಎಂತ ಡಿಫರೆಂಟ್?”

ಸ್ವಂತ ಕೋಣೆಯಲ್ಲಿ ಬೆಳೆದವಳು, ಪಾಪ, ಅವಳಿಗೂ ಐಚ್ಛಿಕ.

ವಿಮೆ ಆಫೀಸು ಹಮ್ದಾನ್ ಸ್ಟ್ರೀಟಿನಲ್ಲೇ. ಮಾಮ ಕೊರಳಲ್ಲಿ ಅಳತೆಯ ಟೇಪು ಹಾಗೇ ಇಟ್ಟುಕೊಂಡು ಜೊತೆಗೆ ಬಂದರು, ಚೌಕಾಸಿ ಮಾಡಲಿಕ್ಕೆ. “ಆಗ್ಲಿಕ್ಕಿಲ್ಲದ್ದಕ್ಕೆ ಇಷ್ಟು ರೇಟಾ ತಂಗಿ?” ಎಂದು ಲವಿನಾಳನ್ನು ಹಿಡಿದುಕೊಂಡರು. ಅವಳು, “ಅಂಕಲ್, ಆಗ್ಲಿಕ್ಕಿದ್ರೆ ಇನ್ನೂ ಜಾಸ್ತಿ ಇರ್ತಿತ್ತು” ಎಂದಳು. ಮಾಮನ ಬಾಯಿ ಕಟ್ಟಿದ್ದನ್ನು ನಾನು ನೋಡಿದ್ದು ಅವತ್ತೇ. ಸರ್ಟಿಫಿಕೇಟು ಮೇಲ್‌ನಲ್ಲಿ ಬರುತ್ತದೆ ಎಂದಾಗ ಮಾತ್ರ ಮತ್ತೆ ಬಾಯಿ ಬಂತು. “ಸೀಲಿಲ್ಲದ ಕಾಗದ ಒಂದು ಕಾಗದವಾ?” ಲವಿನಾ ನಗುತ್ತಾ ಪ್ರಿಂಟು ತೆಗೆದು, ಸೀಲು ಒತ್ತಿ ನನ್ನ ಕೈಗೆ ಕೊಟ್ಟಳು.

ಹಿಂದೆ ನನ್ನ ಡಿಗ್ರಿ ಸರ್ಟಿಫಿಕೇಟು ಬಂದಾಗ ಮಾಮ ರಜೆಯಲ್ಲಿ ಊರಿಗೆ ಬಂದಿದ್ದರು. ಎರಡೂ ಅಂಚು ಹಿಡಿದು ಬಹಳ ಹೊತ್ತು ನೋಡಿ, “ಪ್ಲಾಸ್ಟಿಕ್ ಹಾಕಿಸು, ಮಳೆ ಬರ್ತದೆ” ಎಂದಿದ್ದರು, ಅಷ್ಟೇ. ಒಂದು ಶಾಬಾಸ್ ಇಲ್ಲವಲ್ಲ ಎಂದು ವರ್ಷಗಟ್ಟಲೆ ಸಿಟ್ಟಿಟ್ಟುಕೊಂಡಿದ್ದೆ.

ಈ ಸಲವೂ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಎರಡೂ ಅಂಚು ಹಿಡಿದು ನೋಡಿದರು. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಾಡಿಸಿದರು. ಆಮೇಲೆ ಮೆಲ್ಲಗೆ ಮಡಚಿ ತಮ್ಮ ಅಂಗಿಯ ಒಳಜೇಬಿಗೆ ಹಾಕಿಕೊಂಡರು.

“ಮಾಮ, ಅದು ನಂದು.”

“ಗೊತ್ತುಂಟು. ಇದನ್ನು ಆ ಮನೆಯಲ್ಲಿ ಇಡ್ಬೇಡ ಜುಬೇದಾ. ಮನೆ ಒಳಗೆ ಹೋದ್ರೆ ಇದೂ ಹೋಗ್ತದಲ್ಲ? ನನ್ನ ರೂಮಿನಲ್ಲಿರ್ಲಿ.”