ಕೊಸರಿಗೆ ಹಾಕಿದ ಪದ

ಮುಂಡಗೋಡದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಮೊಬೈಲ್ ಅಂಗಡಿ. ಈಗ ಅಲ್ಲಿ ಒಡೆದ ಗಾಜು ಬದಲಿಸುವುದು, ಕವರ್ ಮಾರುವುದು ಬಿಟ್ಟರೆ ಹೆಚ್ಚು ಕೆಲಸವಿಲ್ಲ. ಇಂಟರ್‌ನೆಟ್ ತುಟ್ಟಿಯಾಗಿದ್ದ ಕಾಲದಲ್ಲಿ ಮಾತ್ರ ನಾನು ಹಾಡಿನ ವ್ಯಾಪಾರಿ. ಜನ ಮೆಮೊರಿ ಕಾರ್ಡ್ ತಂದು ಕೊಡುತ್ತಿದ್ದರು, ನಾನು ಕಂಪ್ಯೂಟರಿನಿಂದ ಹಾಡು, ಸಿನಿಮಾ ತುಂಬಿಸಿ ಕೊಡುತ್ತಿದ್ದೆ. ಅದು ಕಾನೂನಿಗೆ ಸರಿಯೇ ಎಂದು ಯಾರೂ ಕೇಳಲಿಲ್ಲ. ನಾನಂತೂ ಕೇಳಿಕೊಳ್ಳಲೇ ಇಲ್ಲ.

ದರ ಕಟ್ಟುವುದರಲ್ಲಿ ನಾನು ಜಾಣ ಎಂಬ ಹಮ್ಮು ಬೇರೆ. ಹೊಸ ಸಿನಿಮಾದ ಹಾಡು ಮೊದಲ ವಾರ ತುಟ್ಟಿ, ತಿಂಗಳಾದರೆ ಅಗ್ಗ, ವರ್ಷವಾದರೆ ಬುಟ್ಟಿಗಟ್ಟಲೆ. ಥೇಟ್ ಟೊಮ್ಯಾಟೊ ವ್ಯವಹಾರ. ವ್ಯತ್ಯಾಸ ಒಂದೇ. ಟೊಮ್ಯಾಟೊ ಮಾರಿದರೆ ಬುಟ್ಟಿ ಖಾಲಿಯಾಗುತ್ತದೆ, ಹಾಡು ಎಷ್ಟು ಮಾರಿದರೂ ಕಂಪ್ಯೂಟರಿನಲ್ಲಿ ಹಾಗೇ ಇರುತ್ತದೆ. ಖಾಲಿಯಾಗದ ಮಾಲು ಸಿಕ್ಕಿತಲ್ಲ ಎಂದು ಬೀಗುತ್ತಿದ್ದೆ. ಎದುರು ಸಾಲಿನಲ್ಲಿ ಇನ್ನೊಬ್ಬ ಅಂಗಡಿ ತೆರೆದ ಮೇಲೆ ಆ ಹಮ್ಮು ಇಳಿಯಿತು. ಅವನಲ್ಲೂ ಅವೇ ಹಾಡು, ಅವೂ ಖಾಲಿಯಾಗುತ್ತಿರಲಿಲ್ಲ. ಅವನು ದರ ಇಳಿಸಿದ, ನಾನು ಇಳಿಸಿದೆ, ಅವನು ಮತ್ತೆ ಇಳಿಸಿದ. ಕಡೆಗೆ ಇಬ್ಬರೂ ಕರೆಂಟ್ ಬಿಲ್ಲಿಗೆ ದುಡಿಯುವಂತಾಯಿತು.

ಆಗ ನನಗೆ ಸಂತೆಯ ಬುದ್ಧಿ ಹೊಳೆಯಿತು. ನಮ್ಮ ಸಂತೆಯಲ್ಲಿ ತೂಕ ಮುಗಿದ ಮೇಲೂ ಗಿರಾಕಿ ಚೀಲ ಮುಚ್ಚುವುದಿಲ್ಲ. ಮಾರುವವರು ಇನ್ನೊಂದು ಹಿಡಿ ಮೆಣಸಿನಕಾಯಿಯನ್ನೋ ನಾಲ್ಕು ಎಸಳು ಕೊತ್ತಂಬರಿಯನ್ನೋ ಮೇಲೆ ಹಾಕಬೇಕು. ಅದಕ್ಕೆ ಕೊಸರು ಎನ್ನುತ್ತಾರೆ. ಕೊಸರು ಹಾಕದವನ ರಾಶಿಯ ಮುಂದೆ ಮುಂದಿನ ವಾರ ನೊಣ. ನಾನೂ ಕಾರ್ಡ್ ತುಂಬಿಸಿದ ಮೇಲೆ ಒಂದಿಷ್ಟು ಪುಕ್ಕಟೆ ಹಾಕಿ ಕೊಡತೊಡಗಿದೆ. ಹಾಗೆ ಕೊಸರಿಗೆಂದು ಆರಿಸಿಕೊಂಡದ್ದು ಹತ್ತಿರದ ಹಳ್ಳಿ ಇಂದೂರದ ಪದದವ್ವನ ತೊಟ್ಟಿಲ ಪದ.

ಪದ ಹಾಡುವ ಅವ್ವ ಎಂದು ಸುತ್ತಿನ ಊರುಗಳವರು ಅವರನ್ನು ಪದದವ್ವ ಎಂದೇ ಕರೆಯುತ್ತಿದ್ದರು. ಹೊಲದ ಕಾಯಿಪಲ್ಲೆಯನ್ನು ಸಂತೆಗೆ ತಂದು ಮಾರುವ ರೈತರ ಮನೆಯ ಹೆಂಗಸು. ಕೂಸಿಗೆ ಹೆಸರಿಟ್ಟು ತೊಟ್ಟಿಲಿಗೆ ಹಾಕುವ ದಿನ ಅವರು ಬಂದು ಹಾಡಬೇಕು. ಬಂದವರೇ ಹಾಡುತ್ತಿರಲಿಲ್ಲ, ಮೊದಲು ವಿಚಾರಿಸುತ್ತಿದ್ದರು. ಕೂಸಿನ ತಾಯಿಯ ತವರು ಯಾವುದು, ಅಜ್ಜ ಏನು ಮಾಡಿಕೊಂಡಿದ್ದ, ಹೆರಿಗೆ ಸುಸೂತ್ರವಾಯಿತೇ, ಯಾವ ಹೆಸರಿಡುತ್ತೀರಿ. ಚಹಾ ಕುಡಿದು ಮುಗಿಸುವುದರೊಳಗೆ ಅದೆಲ್ಲ ಪದದಲ್ಲಿ ಬಂದು ಕೂತಿರುತ್ತಿತ್ತು. ಹೀಗಾಗಿ ಒಂದು ಕೂಸಿನ ಪದ ಇನ್ನೊಂದಕ್ಕೆ ಒಗ್ಗುತ್ತಿರಲಿಲ್ಲ. ಒಳ್ಳೆಯ ದಿನ ಒಂದೇ, ತೊಟ್ಟಿಲು ನಾಲ್ಕೈದು, ಪದದವ್ವ ಒಬ್ಬರೇ. ಪಂಚಾಂಗ ನೋಡಿಸುವ ಮೊದಲು ಅವರ ಬಿಡುವು ಕೇಳಿಕೊಂಡು ಬರುತ್ತಿದ್ದರು. ಅವರಿಗಾಗಿ ಹೆಸರಿಡುವುದನ್ನೇ ಎರಡು ವಾರ ಮುಂದೆ ಹಾಕಿದ ಮನೆಗಳನ್ನು ನಾನು ಬಲ್ಲೆ. ಅಷ್ಟು ಬೇಡಿಕೆ ಇದ್ದರೂ ಇಷ್ಟು ಕೊಡಿ ಎಂದು ಅವರು ಬಾಯಿಬಿಟ್ಟವರಲ್ಲ. ಅಕ್ಕಿ, ಕಾಯಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿದರೆ ಎದ್ದು ಹೋಗುತ್ತಿದ್ದರು. ಬೆಲೆ ಹೇಳದ್ದನ್ನು ನಾನು ಬೆಲೆಯಿಲ್ಲದ್ದು ಎಂದು ತಿಳಿದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ.

ನನ್ನ ಮಗಳ ತೊಟ್ಟಿಲ ದಿನ ಅವರು ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದೆ. ಹೆಂಡತಿಯ ತವರು ಹಳಿಯಾಳ. ಅದಕ್ಕೆ ಪದದಲ್ಲಿ ಮಗಳು ‘ಹಳಿಯಾಳದ ಮೊಮ್ಮಗಳು’, ಪ್ರತಿ ಮೂರನೆಯ ಸಾಲಿಗೆ ಅವಳ ಹೆಸರು. ಇದನ್ನೇ ಕೊಸರಿಗೆ ಹಾಕಿದೆ. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವ ಜನ ನಾವು. ಆರು ತಿಂಗಳಲ್ಲಿ ಟೆಂಪೊದಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಬಸ್ಸಿನಲ್ಲಿ ಅದೇ ಪದ. ಎದುರಿನ ಅಂಗಡಿಯವನೂ ನಕಲು ಮಾಡಿಕೊಂಡ. ನನ್ನ ಪದ ಕದ್ದೆಯಲ್ಲೋ ಎಂದು ಅವನ ಮೇಲೆ ಹರಿಹಾಯ್ದೆ. ನನ್ನ ಪದವಂತೆ!

ಆಮೇಲೆ ಒಂದು ತಮಾಷೆ ಶುರುವಾಯಿತು. ಜನ ತಮ್ಮ ಮನೆಯ ತೊಟ್ಟಿಲಿಗೂ ಅದನ್ನೇ ಹಚ್ಚತೊಡಗಿದರು. ಪದದವ್ವನ ಬಿಡುವಿಗೆ ಕಾಯುವ ಉಸಾಬರಿ ಯಾಕೆ, ಸ್ಪೀಕರಿಗೆ ಮೊಬೈಲ್ ಸಿಕ್ಕಿಸಿದರೆ ಆಯಿತಲ್ಲ. ಅತ್ತಿವೇರಿಯಲ್ಲಿ ಹಳಿಯಾಳದ ದಾರಿಯನ್ನೂ ಕಾಣದ ಮನೆತನದ ಗಂಡುಕೂಸೊಂದು ‘ಹಳಿಯಾಳದ ಮೊಮ್ಮಗಳು’ ಎನಿಸಿಕೊಂಡು ತೊಟ್ಟಿಲೇರಿತು. ಇನ್ನೊಂದು ಮನೆಯವರು, ಹೆಸರು ಪದಕ್ಕೆ ಹೊಂದಲಿ ಎಂದು ಕೂಸಿಗೆ ನನ್ನ ಮಗಳ ಹೆಸರನ್ನೇ ಇಟ್ಟುಬಿಟ್ಟರು. ನಾನು ಇದನ್ನೆಲ್ಲ ಗಿರಾಕಿಗಳ ಮುಂದೆ ಹೇಳಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ಆ ನಗು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಒಂದು ಸಂತೆಯ ದಿನ ಮಧ್ಯಾಹ್ನ ಪದದವ್ವ ಅಂಗಡಿಗೆ ಬಂದರು. ಖಾಲಿ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು, ಸ್ಟೂಲು ಎಳೆದು ಕೊಟ್ಟರೂ ಕೂಡದೆ ನಿಂತೇ ಕೇಳಿದರು.

“ನನ್ನ ಪದಾ ಎಷ್ಟಕ್ಕ ಮಾರ್ತಿ ತಮ್ಮಾ?”

ಮಾರುವುದಿಲ್ಲ ಎಂದು ಗಡಿಬಿಡಿಯಿಂದ ಹೇಳಿದೆ. ದೇವರಾಣೆ ಒಂದು ಪೈಸೆ ಮುಟ್ಟಿಲ್ಲ, ಬರೀ ಕೊಸರಿಗೆ ಹಾಕುತ್ತೇನೆ ಎಂದೆ. ಅದರಿಂದ ಅವರಿಗೆ ಸಮಾಧಾನವಾದೀತು ಎಂದೇ ನನ್ನ ಎಣಿಕೆ.

“ಕೊಸರು ನಮ್ಮ ರಾಶ್ಯಾಗಿಂದ ನಾವು ಕೊಡೂದು. ಮಂದಿ ರಾಶ್ಯಾಗ ಕೈ ಹಾಕಿ ಕೊಸರು ಕೊಡೂದನ್ನ ನಾ ಯಾವ ಸಂತ್ಯಾಗೂ ನೋಡಿಲ್ಲ.”

ಗಲ್ಲಾದಿಂದ ಒಂದು ನೋಟು ತೆಗೆದು ಚಾಚಿದೆ. ಅವರು ಅದರ ಕಡೆ ನೋಡಲೂ ಇಲ್ಲ. ಕೊಟ್ಟದ್ದನ್ನೆಲ್ಲ ತಿರುಗಿ ತೆಗೆದುಕೊಳ್ಳಲು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದೆ. ಈ ವರ್ಷ ತಮ್ಮನ್ನು ಒಂದೇ ಒಂದು ತೊಟ್ಟಿಲಿಗೆ ಕರೆದಿದ್ದಾರೆ, ಅದೂ ಕರೆಂಟ್ ಹೋಗಿತ್ತು ಅಂತ, ಎಂದು ಹೇಳಿ ಬುಟ್ಟಿ ಎತ್ತಿಕೊಂಡು ಹೋದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

ಅವತ್ತೇ ಆ ಪದವನ್ನು ಕಂಪ್ಯೂಟರಿನಿಂದ ಅಳಿಸಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಊರಿನ ಎಲ್ಲ ಕಿಸೆಗಳಲ್ಲೂ ಅದು ಕೂತಾಗಿತ್ತು. ಇನ್ನೆರಡು ವರ್ಷಕ್ಕೆ ಇಂಟರ್‌ನೆಟ್ ಅಗ್ಗವಾಗಿ, ಯಾರೋ ಒಬ್ಬ ಅದಕ್ಕೆ ಯಾವುದೋ ಬೆಳ್ಳನೆಯ ಕೂಸಿನ ಚಿತ್ರ ಅಂಟಿಸಿ ವಿಡಿಯೊ ಮಾಡಿ ಬಿಟ್ಟ. ಈಗ ಪದ ಶುರುವಾಗುವ ಮುಂಚೆ ಸೋಪಿನ ಜಾಹೀರಾತು ಬರುತ್ತದೆ. ಜಾಹೀರಾತಿನ ದುಡ್ಡು ಯಾರಿಗೆ ಹೋಗುತ್ತದೋ, ಇಂದೂರಕ್ಕಂತೂ ಬರುವುದಿಲ್ಲ.

ಅಂಗಡಿಯ ಪಕ್ಕದ ಚಹಾದಂಗಡಿಯಲ್ಲಿ ದಿನಾ ಈ ಚರ್ಚೆ ನಡೆಯುತ್ತದೆ. ಸಿನಿಮಾ ತೋರಿಸುವ ಆ್ಯಪಿನವರು ದರ ಏರಿಸಿದರು ಎಂದು ಒಬ್ಬನ ಗೋಳು. ನಾಲ್ಕು ಮನೆ ಸೇರಿ ಒಂದೇ ಪಾಸ್‌ವರ್ಡ್‌ನಲ್ಲಿ ನೋಡುತ್ತೇವೆ ಎಂದು ಇನ್ನೊಬ್ಬನ ಜಂಬ. ಒಮ್ಮೆ ಮಾಡಿಟ್ಟದ್ದನ್ನು ಇನ್ನೊಬ್ಬರು ನೋಡಿದರೆ ಮಾಡಿದವರ ಗಂಟೇನು ಹೋಗುತ್ತದೆ ಎಂದು ಎಲ್ಲರೂ ಒಪ್ಪುತ್ತಾರೆ. ದೊಡ್ಡ ಕಂಪನಿಗಳ ಗಂಟು ಹೋಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಅವರ ಮೇಲೆ ನನಗೆ ಕನಿಕರವೂ ಇಲ್ಲ. ನನಗೆ ಗೊತ್ತಿರುವುದು ಇಷ್ಟೇ: ನಾನು ಹಂಚಿದ್ದರಿಂದ ಪದ ಕಡಿಮೆಯಾಗಲಿಲ್ಲ, ಪದದವ್ವನನ್ನು ಕರೆಯುವವರು ಕಡಿಮೆಯಾದರು. ಇದನ್ನು ಅಲ್ಲಿ ಹೇಳಲು ಒಮ್ಮೆ ಬಾಯಿ ತೆರೆದೆ. ಕಾರ್ಡ್ ತುಂಬಿಸಿ ಬದುಕಿದವನು ಈಗ ಪುರಾಣ ಹೇಳುತ್ತಾನೆ ಎಂದು ನಕ್ಕರು. ಅವರು ನಕ್ಕದ್ದರಲ್ಲಿ ತಪ್ಪಿರಲಿಲ್ಲ.

ಮಗಳಿಗೆ ಎಂಟು ತುಂಬಿದ ವರ್ಷ ನಮಗೆ ಮಗ ಹುಟ್ಟಿದ. ನಾನೇ ಇಂದೂರಕ್ಕೆ ಹೋಗಿ ಪದದವ್ವನನ್ನು ಕರೆದೆ. ತೊಟ್ಟಿಲ ಮುಂದೆ ಕೂತು ಮೂರು ವರ್ಷವಾಯಿತು, ದನಿ ಏಳುತ್ತದೋ ಇಲ್ಲವೋ ಎಂದರು. ಆದರೂ ಬಂದರು. ಮೊದಲಿನ ಹಾಗೇ ಎಲ್ಲವನ್ನೂ ವಿಚಾರಿಸಿಕೊಂಡರು, ಚಹಾ ಕುಡಿದರು, ತೊಟ್ಟಿಲ ಹಗ್ಗ ಹಿಡಿದು ಪದ ಎತ್ತಿಕೊಂಡರು. ದನಿ ಚೆನ್ನಾಗಿಯೇ ಎದ್ದಿತು. ನನ್ನ ತಪ್ಪು ತುಸುವಾದರೂ ತೊಳೆಯಿತು ಎಂದು ಬಾಗಿಲಲ್ಲಿ ನಿಂತು ಹಿಗ್ಗಿದೆ.

ಮೂರನೆಯ ಸಾಲಿಗೆ ಬಂದಾಗ ಸುತ್ತ ಕೂತ ಹೆಂಗಸರೆಲ್ಲ ದನಿಗೂಡಿಸಿದರು. ಅವರು ಹೇಳಿದ್ದು ಮಗನ ಹೆಸರಲ್ಲ, ಮಗಳ ಹೆಸರು. ಪದದವ್ವ ನಿಲ್ಲಿಸಿ, ಮತ್ತೆ ಮೊದಲಿನಿಂದ ಹಿಡಿದರು. ಮತ್ತೆ ಅದೇ ಆಯಿತು. ರೆಕಾರ್ಡಿನಲ್ಲಿ ಅವರು ಉಸಿರೆಳೆದುಕೊಂಡ ಜಾಗದಲ್ಲಿ ಹೆಂಗಸರೆಲ್ಲ ಉಸಿರೆಳೆದುಕೊಂಡು, ಅವರಿಗಿಂತ ಮುಂದೆ ಹೋಗಿಬಿಟ್ಟರು. ಹಿಂದಿನ ಓಣಿಯ ಹೊಸ ಸೊಸೆಯೊಬ್ಬಳು ಮೆಲ್ಲಗೆ, ಮರ್ಯಾದೆಯಿಂದಲೇ, ತಿದ್ದಿದಳು.

“ಅಲ್ಲಿ ಹಂಗಿಲ್ರಿ ಅಜ್ಜಿ. ಮೊಬೈಲ್‌ನ್ಯಾಗ ಬ್ಯಾರೆ ಐತಿ.”

ಪದದವ್ವ ಅವಳನ್ನು ನೋಡಿದರು. “ಖರೇ ಐತಿ ಯವ್ವಾ. ನಾನ ಮರ್ತೀನಿ,” ಎಂದರು. ಆಮೇಲೆ ಅವರೆಲ್ಲರ ಹಿಂದೆ, ಅವರ ವೇಗಕ್ಕೆ, ಮಗಳ ಹೆಸರು ಹಾಕಿಯೇ ಪದ ಮುಗಿಸಿದರು. ನಾನು ತಡೆಯಲಿಲ್ಲ. ನೆಂಟರ ಮುಂದೆ ಶುಭಕಾರ್ಯದಲ್ಲಿ ಎಡವಟ್ಟು ಬೇಡ ಎಂದುಕೊಂಡೆ. ಹೇಡಿತನಕ್ಕೆ ಕಾರಣ ಹುಡುಕುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಅವರು ತೊಟ್ಟಿಲ ಹತ್ತಿರ ಬಗ್ಗಿ, ಮಗನ ಕಿವಿಯ ಹತ್ತಿರ ಸಣ್ಣ ದನಿಯಲ್ಲಿ ಹಾಡಿದರು. ಅವನ ಹೆಸರು ಬಂತು, ನಮ್ಮಪ್ಪನ ಕಸುಬು ಬಂತು, ಮಳೆಯದೂ ಏನೋ ಬಂತು. ನಾಲ್ಕೈದು ಸಾಲಿರಬೇಕು. ಅಲ್ಲಿದ್ದವನು ನಾನೊಬ್ಬನೇ. ಕೈ ತಾನಾಗಿ ಕಿಸೆಗೆ ಹೋಯಿತು. ಮೊಬೈಲ್ ತೆಗೆಯಲು ನಾಚಿಕೆಯಾಗಿ ಕೈ ಹೊರಗೆ ತೆಗೆದೆ.

ಮಗನಿಗೆ ಈಗ ಐದು ವರ್ಷ. ಅಕ್ಕನ ಪದ ಎಲ್ಲರ ಮೊಬೈಲಿನಲ್ಲೂ ಇದೆ, ನನ್ನದೆಲ್ಲಿ ಎಂದು ಹಟ ಹಿಡಿಯುತ್ತಾನೆ. ಹೋದ ತಿಂಗಳು ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಇಂದೂರಕ್ಕೆ ಹೋದೆ. ಪದದವ್ವನಿಗೆ ವಯಸ್ಸಾಗಿದೆ, ಸಂತೆಗೆ ಬರುವುದನ್ನು ಬಿಟ್ಟಿದ್ದಾರೆ. ಅವತ್ತು ಇವನ ಕಿವಿಯಲ್ಲಿ ಹಾಡಿದ ಸಾಲುಗಳನ್ನು ಇನ್ನೊಮ್ಮೆ ಹೇಳಿ ಎಂದು ಕೇಳಿಕೊಂಡೆ. ಅವರು ಮಗನ ತಲೆ ಸವರಿದರು, ಬಹಳ ಹೊತ್ತು ನೆನಪು ಮಾಡಿಕೊಂಡರು, ಇಲ್ಲ ಎಂದು ತಲೆಯಾಡಿಸಿದರು.

“ಅದು ಅವತ್ತಿಂದು ತಮ್ಮಾ, ಅವತ್ತಿಗೇ ಆತು. ನೀ ಅಲ್ಲೇ ಇದ್ದೆಲ್ಲ, ನೀ ಕೇಳಲಿಲ್ಲೇನು?”

ಮಗ ನನ್ನ ಮುಖ ನೋಡುತ್ತಿದ್ದ. ಕೇಳಿದ್ದೆ, ಆದರೆ ಒಂದು ಸಾಲೂ ನೆನಪಿರಲಿಲ್ಲ.